ಹದಿನೇಳನೆಯ ಚೀಟಿ

ಮಾತ್ರೆ ಸಿಸ್ಟರ್ ಎಂದರೆ ಆ ಬಡಾವಣೆಯಲ್ಲಿ ಗೊತ್ತಿಲ್ಲದವರಿಲ್ಲ. ಆದರೆ ಅವರ ಮುಖವನ್ನು ಸರಿಯಾಗಿ ನೋಡಿದವರು ಬೆರಳೆಣಿಕೆಯಷ್ಟು ಮಂದಿ. ಅದರಲ್ಲಿ ಜನರ ತಪ್ಪೇನೂ ಇಲ್ಲ. ಆರೋಗ್ಯ ಕೇಂದ್ರದ ಔಷಧಿ ಕಿಟಕಿಯ ಹಿಂದೆ ಇಪ್ಪತ್ತೊಂಬತ್ತು ವರ್ಷ ಕೂತವರು ಅವರು, ಆ ಕಿಟಕಿಯೋ ಒಂದು ಗೇಣು ಎತ್ತರ, ಒಂದೂವರೆ ಗೇಣು ಅಗಲ. ಹೊರಗಿನವರಿಗೆ ಒಳಗಿನ ಎರಡು ಕೈ ಕಾಣುತ್ತಿತ್ತು, ಒಳಗಿನವರಿಗೆ ಹೊರಗಿನ ಎರಡು ಕೈ. ಹಾಗಾಗಿ ಸಿಸ್ಟರ್ ಜನರನ್ನು ಕೈ ನೋಡಿಯೇ ಗುರುತು ಹಿಡಿಯುತ್ತಿದ್ದರು. ಬಣ್ಣ ಅಂಟಿದ ಕೈ ಬಂದರೆ ಉಬ್ಬಸದ ಮಾತ್ರೆ, ಉಗುರು ಕಚ್ಚಿದ ಕೈ ಬಂದರೆ ರಕ್ತದೊತ್ತಡದ್ದು, ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆಯಿರುವ ಕೈ ಬಂದರೆ ಸಕ್ಕರೆ ಕಾಯಿಲೆಯದು, ತಿಂಗಳಿಗೆ ಅರವತ್ತು. ಚೀಟಿಯ ಮೇಲೆ ಹೆಸರೂ ಇರುತ್ತದೆ, ಇಲ್ಲವೆಂದಲ್ಲ. ಆದರೆ ಬೆಳಗಿನ ಸಾಲು ಗೇಟು ದಾಟಿ ರಸ್ತೆಗಿಳಿದಿರುವಾಗ ಮನುಷ್ಯರ ಹೆಸರು ಓದುತ್ತಾ ಕೂರುವವರು ಯಾರು? ಮಾತ್ರೆಯ ಹೆಸರು ಓದಿದರೆ ಕೆಲಸ ಮುಗಿಯಿತು.

ಮಾತ್ರೆ ಕೊಡುವ ಸಿಸ್ಟರ್‌ಗೆ ಮಾತ್ರೆಯ ಮೇಲೆ ನಂಬಿಕೆ ಇತ್ತು, ಪೂರ್ತಿ ಇರಲಿಲ್ಲ ಅಷ್ಟೇ. ಅದಕ್ಕೆ ಕಾರಣ ಅವರ ಅಪ್ಪ. ಅಂಚೆ ಕಚೇರಿಯಲ್ಲಿ ನಿಂತೇ ಕಾಗದ ವಿಂಗಡಿಸಿದ ಮನುಷ್ಯ. ನಿವೃತ್ತಿಯಾದ ಮೇಲೆ ಒಮ್ಮೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ವಾಪಸಾದರು. ಕಳಿಸುವಾಗ ಅಲ್ಲಿನ ವೈದ್ಯರು ಒಂದು ಚೀಲ ಮಾತ್ರೆ ಕೊಟ್ಟು, ಬಾಗಿಲವರೆಗೆ ಬಂದು, "ಸ್ವಲ್ಪ ನಡೀತಾ ಇರಿ" ಅಂದಿದ್ದರು. ಮನೆಗೆ ಬಂದ ಅಪ್ಪ ಮಗಳನ್ನು ಕೇಳಿದ್ದು ಒಂದೇ ಮಾತು.

"ಸ್ವಲ್ಪ ಅಂದ್ರೆ ಎಷ್ಟಮ್ಮಾ?"

"ಆದಷ್ಟು ನಡೀರಿ ಅಪ್ಪಾ" ಎಂದು ಮಗಳು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಓಡಿದ್ದರು. ಆದಷ್ಟು ಎಂದರೆ ಎಷ್ಟು ಎಂದು ತಿಳಿಯದ ಅಪ್ಪ, ಒಂದು ಹೆಜ್ಜೆ ಹೆಚ್ಚಾಗಿ ಏನಾದರೂ ಎಡವಟ್ಟಾದೀತೆಂದು ಹೆದರಿ, ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತರು. ಮೂರು ವರ್ಷ ಕೂತರು. ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ಕಾಲು ಕಡ್ಡಿಯಾದವು, ಮಾತು ಕಡಿಮೆಯಾಯಿತು, ಕೊನೆಗೆ ಒಂದು ದಿನ ಹೋದರು. ಅವರು ಹೋದದ್ದಕ್ಕಿಂತ ಅವರು ಕೂತದ್ದೇ ಸಿಸ್ಟರ್‌ಗೆ ಹೆಚ್ಚು ಸಂಕಟ ಕೊಡುತ್ತಿತ್ತು. ಊರಿಗೆಲ್ಲ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ ಎಂದು ಅಳತೆ ಹೇಳುವ ತಾನು, ಹೆತ್ತ ತಂದೆಗೆ ಒಂದು ಅಳತೆ ಹೇಳಲಿಲ್ಲವಲ್ಲ ಎಂಬ ಸಂಕಟ ಅದು.

ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ಕೇಂದ್ರಕ್ಕೆ ಹೊಸ ಡಾಕ್ಟರಮ್ಮ ಬಂದರು. ಅವರೂ ದಿನಕ್ಕೆ ಮೂವತ್ತು ಜನಕ್ಕೆ "ಸ್ವಲ್ಪ ವ್ಯಾಯಾಮ ಮಾಡಿ" ಎನ್ನುತ್ತಿದ್ದರು. ಮೂರನೆಯ ವಾರ ಸಿಸ್ಟರ್ ಅವರ ಮೇಜಿನ ಮುಂದೆ ಹೋಗಿ ನಿಂತರು.

"ಡಾಕ್ಟರಮ್ಮಾ, ಸ್ವಲ್ಪ ಮಾತ್ರೆ ತಗೊಳ್ಳಿ ಅಂತ ನೀವು ಯಾರಿಗಾದ್ರೂ ಬರ್ಕೊಟ್ಟಿದ್ದೀರಾ?"

"ಅದ್ಹೇಗಾಗುತ್ತೆ ಸಿಸ್ಟರ್?"

"ಮತ್ತೆ ವ್ಯಾಯಾಮಕ್ಕೆ ಯಾಕೆ ಸ್ವಲ್ಪ?"

ಡಾಕ್ಟರಮ್ಮ ಒಳ್ಳೆಯವರು, ಕಿವಿ ಇದ್ದವರು. ಅಂದಿನಿಂದ ಹಿಡಿದು ನಾಲ್ಕು ತಿಂಗಳು ಇಬ್ಬರೂ ಮಧ್ಯಾಹ್ನದ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ ವ್ಯಾಯಾಮದ ಚೀಟಿ ತಯಾರು ಮಾಡಿದರು. ಮಾತ್ರೆ ಚೀಟಿಯಷ್ಟೇ ಅಗಲ, ಅದೇ ಬಗೆಯ ಗೆರೆ. 'ಕುರ್ಚಿಯಿಂದ ಎದ್ದು ಕೂರುವುದು: ಎಂಟು ಸಲ, ಬೆಳಿಗ್ಗೆ ಮತ್ತು ಸಂಜೆ.' 'ಗೋಡೆಗೆ ಕೈಯೂರಿ ತಳ್ಳುವುದು: ಆರು ಸಲ.' 'ನಡಿಗೆ: ಹತ್ತು ನಿಮಿಷ, ಊಟವಾಗಿ ಒಂದು ಗಂಟೆ ಬಿಟ್ಟು.' ಕೆಳಗೆ ದಪ್ಪ ಅಕ್ಷರದಲ್ಲಿ: 'ಮಾಡುತ್ತಾ ಮಾತಾಡಲು ಆದರೆ ಸರಿಯಾಗಿದೆ. ಒಂದು ಪೂರ್ತಿ ವಾಕ್ಯ ಹೇಳಲಾಗದಷ್ಟು ಏದುಸಿರು ಬಂದರೆ ಕೂತು ಸುಧಾರಿಸಿಕೊಳ್ಳಿ.' ಆ ಕೊನೆಯ ಎರಡು ಸಾಲು ಬರೆಯುವಾಗ ಸಿಸ್ಟರ್ ಕಣ್ಣಲ್ಲಿ ನೀರು ಬಂದಿತ್ತು. ಅಪ್ಪನಿಗೆ ಬೇಕಿದ್ದದ್ದು ಇಷ್ಟೇ ಎರಡು ಸಾಲು.

ಮನೆಯಲ್ಲಿ ಒಬ್ಬರೇ ಮಾಡಿ ಎಂದರೆ ಯಾರು ಮಾಡುತ್ತಾರೆ? ಆದ್ದರಿಂದ ಮಂಗಳವಾರ, ಶುಕ್ರವಾರ ಸಂಜೆ ಐದಕ್ಕೆ ಕೇಂದ್ರದ ಹಿಂದಿನ ಹಾಲ್‌ನಲ್ಲಿ ಸೇರುವುದೆಂದಾಯಿತು. ಹಾಲ್ ಎಂದರೆ ಹಳೆಯ ಕಡತಗಳ ಕೋಣೆ. ಕಡತಗಳನ್ನು ಒಂದು ಮೂಲೆಗೆ ಒತ್ತರಿಸಿ, ಸಭೆಗಳಿಗೆಂದು ಯಾವ ಕಾಲದಲ್ಲೋ ಮಾಡಿಸಿದ ಮರದ ಕುರ್ಚಿಗಳನ್ನು ಒರೆಸಿ ಸಾಲಾಗಿ ಇಟ್ಟರು. ಕೂತರೂ ಕಿರ್ ಎನ್ನುವ, ಎದ್ದರೂ ಕಿರ್ ಎನ್ನುವ ಕುರ್ಚಿಗಳು. ಹೇಳಿಕೊಡಲು ನಿವೃತ್ತ ಡ್ರಿಲ್ ಮೇಷ್ಟ್ರು ಸಿಕ್ಕರು. ಮೊದಲ ದಿನವೇ ಅವರು ಸೀಟಿ ಊದಿ "ಸಾವಧಾನ್!" ಎಂದು ಗುಡುಗಿದ್ದಕ್ಕೆ ಹೃದಯದ ರೋಗಿಯೊಬ್ಬರು ಎದೆ ಮುಟ್ಟಿಕೊಂಡು ಕೂತರು. ಸಿಸ್ಟರ್ ಆ ಸೀಟಿಯನ್ನು ಕಸಿದು ಔಷಧಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮೇಷ್ಟ್ರು ಆಮೇಲೂ ಆಗಾಗ ಸೀಟಿಯಿಲ್ಲದ ಬಾಯನ್ನು ಉಬ್ಬಿಸುತ್ತಿದ್ದರು.

ಇನ್ನೊಂದು ಏರ್ಪಾಟನ್ನು ಸಿಸ್ಟರ್ ತಮ್ಮ ಜಾಣತನವೆಂದೇ ತಿಳಿದು ಮಾಡಿದ್ದರು. ಯಾರಿಗೆ ಯಾವ ಕಾಯಿಲೆ ಎಂದು ನಾಲ್ಕು ಜನರ ಮುಂದೆ ಬಯಲಾಗಬಾರದೆಂದು, ಹಾಲ್‌ನಲ್ಲಿ ಹೆಸರು ಕರೆಯುವುದೇ ಬೇಡವೆಂದರು. ಪ್ರತಿ ಚೀಟಿಗೂ ಒಂದು ಸಂಖ್ಯೆ. ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ತೂಕ, ಎತ್ತರ, ರಕ್ತದೊತ್ತಡ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆಂಬುದನ್ನು ನೋಡಿ ಕಾರ್ಡಿನಲ್ಲಿ ಬರೆದು ಸಂಖ್ಯೆ ಕೊಡುವುದು; ಹಾಲ್‌ಗೆ ಬಂದವರು ಆ ಚೀಟಿ ತೋರಿಸುವುದು; ಮೇಷ್ಟ್ರು ಸಂಖ್ಯೆಯ ಮುಂದೆ ಗುರುತು ಹಾಕುವುದು. ಅಚ್ಚುಕಟ್ಟಾದ ವ್ಯವಸ್ಥೆ.

ಮೇಲಿನ ಕಚೇರಿಯ ಅಧಿಕಾರಿ ಒಪ್ಪಿಗೆಯೇನೋ ಕೊಟ್ಟರು, ಸುಮ್ಮನೆ ಕೊಡಲಿಲ್ಲ. ನಲವತ್ತು ಜನ, ಹನ್ನೆರಡು ವಾರ. ಅದರಲ್ಲಿ ಇಪ್ಪತ್ತು ಜನವಾದರೂ ಕೊನೆಯವರೆಗೆ ಬಂದು, ಕೊನೆಯ ಅಳತೆಯನ್ನೂ ಕೊಟ್ಟಿರಬೇಕು. ಹತ್ತೊಂಬತ್ತಾದರೂ ಹಾಲ್ ಮತ್ತೆ ಕಡತಗಳಿಗೆ. "ಇಂಥವು ಎಷ್ಟು ನೋಡಿಲ್ಲ ಸಿಸ್ಟರ್" ಎಂದಿದ್ದರು ಅವರು, ಕನ್ನಡಕದ ಮೇಲಿಂದ. "ಮೊದಲ ವಾರ ಜಾತ್ರೆ, ಮೂರನೇ ವಾರ ಖಾಲಿ."

ಅವರ ಬಾಯಿ ಹಾಳಾಗಲಿ, ಹಾಗೆಯೇ ಆಗತೊಡಗಿತು. ನಲವತ್ತು ಮೂವತ್ತೊಂದಾಯಿತು, ಮೂವತ್ತೊಂದು ಇಪ್ಪತ್ತಾರಾಯಿತು. ಎಂಟನೆಯ ವಾರದ ಹೊತ್ತಿಗೆ ಇಪ್ಪತ್ತಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗಿಳಿಯಲಿಲ್ಲ, ಮೇಲೇರುವ ಮಾತಂತೂ ಇರಲಿಲ್ಲ.

ಆ ಇಪ್ಪತ್ತರಲ್ಲಿ ಒಂದು ದಿನವೂ ತಪ್ಪಿಸದೆ ಬಂದದ್ದು ಹದಿನೇಳು. ನಲವತ್ತೆಂಟರ ಹೆಂಗಸು, ಸಣ್ಣ ಮೈಕಟ್ಟು, ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ಆ ಕಲೆ ಕಂಡೊಡನೆ ಸಿಸ್ಟರ್‌ಗೆ ಎಂಟು ವರ್ಷದ ಪರಿಚಯ ನೆನಪಾಯಿತು: ಸಕ್ಕರೆ ಕಾಯಿಲೆ, ತಿಂಗಳಿಗೆ ಅರವತ್ತು. ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವವರು ಅವರೇ, ಕೊನೆಗೆ ಮಡಚುವವರೂ ಅವರೇ. ಹೇಳಿಕೊಟ್ಟದ್ದನ್ನು ಎರಡೆರಡು ಸಲ ಕೇಳುತ್ತಿದ್ದರು. "ಮಂಡಿ ಪಾದಕ್ಕಿಂತ ಮುಂದೆ ಹೋಗ್ಬಾರ್ದು ಅಂದ್ರಲ್ಲ ಮೇಷ್ಟ್ರೇ, ದಪ್ಪ ಹೊಟ್ಟೆ ಇರೋರಿಗೂ ಹಾಗೇನಾ?" ಎಂದು ಕೇಳಿದಾಗ ಮೇಷ್ಟ್ರು ಅವರ ಇಲ್ಲದ ಹೊಟ್ಟೆಯನ್ನು ನೋಡಿ ಕಕ್ಕಾಬಿಕ್ಕಿಯಾಗಿದ್ದರು. ಯಾರಿಗೂ ಅನುಮಾನ ಬರಲಿಲ್ಲ. ಬರಬೇಕಿತ್ತು.

ಹನ್ನೆರಡನೆಯ ವಾರದ ಶುಕ್ರವಾರ ಕೊನೆಯ ಅಳತೆ. ಡಾಕ್ಟರಮ್ಮ ಬೇರೆ ಊರಿಗೆ ಹೋಗಿದ್ದರಿಂದ ತಕ್ಕಡಿಯ ಬಳಿ ಸಿಸ್ಟರ್, ಕಾರ್ಡು ಓದಲು ಮೇಷ್ಟ್ರು. ಒಬ್ಬೊಬ್ಬರೇ ಬಂದರು. ಎರಡು ಕಿಲೋ ಇಳಿದವರು, ಒಂದೂ ಇಳಿಯದಿದ್ದರೂ ಮೆಟ್ಟಿಲು ಹತ್ತುವವರು, ರಕ್ತದೊತ್ತಡ ಹದಕ್ಕೆ ಬಂದವರು. ಸಿಸ್ಟರ್ ಮುಖದಲ್ಲಿ ನಗು ಹೆಚ್ಚುತ್ತಲೇ ಇತ್ತು. ಹತ್ತೊಂಬತ್ತು ಜನ ಮುಗಿದರು. ಚಾಪೆ ಮಡಚುತ್ತಿದ್ದ ಹದಿನೇಳನ್ನು ಕೊನೆಗೆ ಕರೆದರು.

"ಐವತ್ತೆಂಟು" ಎಂದರು ಸಿಸ್ಟರ್.

ಮೇಷ್ಟ್ರು ಕಾರ್ಡು ನೋಡಿದರು, ತಕ್ಕಡಿ ನೋಡಿದರು, ಮತ್ತೆ ಕಾರ್ಡು ನೋಡಿದರು. "ಎಂಬತ್ನಾಲ್ಕರಿಂದ ಐವತ್ತೆಂಟು! ಇಪ್ಪತ್ತಾರು ಕಿಲೋ ಸಿಸ್ಟರ್! ಹನ್ನೆರಡೇ ವಾರದಲ್ಲಿ! ಇದು ಪೇಪರಿಗೆ ಕೊಡೋ ಸುದ್ದಿ! ನಾನು ಮೊದಲೇ ಹೇಳಿದ್ನಲ್ಲ, ಡ್ರಿಲ್‌ನಲ್ಲಿ ಶಕ್ತಿ ಇದೆ ಅಂತ!"

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಆ ಜಾತಿಯ ಮನುಷ್ಯ ಅವರು. ಸಿಸ್ಟರ್ ಎತ್ತರದ ಪಟ್ಟಿಯ ಬಳಿ ಹದಿನೇಳನ್ನು ನಿಲ್ಲಿಸಿದರು. ಕಾರ್ಡಿನಲ್ಲಿದ್ದದ್ದಕ್ಕಿಂತ ಅರ್ಧ ಅಡಿ ಕಡಿಮೆ.

"ಎತ್ತರಾನೂ ಇಳಿದಿದೆ" ಎಂದರು ಮೇಷ್ಟ್ರು, ಈ ಸಲ ಸ್ವರವೂ ಇಳಿದಿತ್ತು.

ಹದಿನೇಳು ಇಬ್ಬರನ್ನೂ ಸಮಾಧಾನವಾಗಿ ನೋಡಿದರು. "ಅದು ನಮ್ಮನೆಯವರ ಕಾರ್ಡಲ್ವಾ ಸಿಸ್ಟರ್, ನನ್ನ ತೂಕ ಹೇಗೆ ತಾಳೆಯಾಗುತ್ತೆ?"

ಸಿಸ್ಟರ್ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದರು. ಕುರ್ಚಿ ಕಿರ್ ಎಂದಿತು.

"ಮತ್ತೆ ನೀವ್ಯಾಕಮ್ಮಾ ಬಂದ್ರಿ ಇಷ್ಟು ದಿನ?"

"ಎಂಟು ವರ್ಷದಿಂದ ಅವರ ಮಾತ್ರೆಗೂ ನಾನೇ ಅಲ್ವಾ ಬರೋದು? ಕಿಟಕೀಲಿ ಒಂದಿನಾನೂ ನೀವು ಬೇಡ ಅಂದಿಲ್ಲ. ಡಾಕ್ಟರಮ್ಮ ಅವರಿಗೆ ಚೀಟಿ ಬರ್ಕೊಟ್ರು, ಅವರು ತಂದು ನನ್ನ ಕೈಗೆ ಕೊಟ್ಟು, ಇದೊಂದು ತಗೊಂಡು ಬಾ ಅಂದ್ರು. ಅದಕ್ಕೇ ಬಂದೆ. ಇಲ್ಲಿ ಕಲ್ತು ಮನೇಲಿ ಅವರಿಗೆ ಕೊಡ್ತೀನಿ. ತಪ್ಪಾಯ್ತಾ?"

ನಗಬೇಕೋ ಅಳಬೇಕೋ ಸಿಸ್ಟರ್‌ಗೆ ತಿಳಿಯಲಿಲ್ಲ. ಎಂಟು ವರ್ಷ ಅವರ ಕೈಗೆ ಮಾತ್ರೆ ಹಾಕಿ, ಒಂದು ದಿನವೂ 'ಯಾರಿಗಮ್ಮಾ?' ಎಂದು ಕೇಳದೇ ಇದ್ದವರು ತಾವೇ. ಹೆಸರು ಬೇಡ, ಸಂಖ್ಯೆ ಸಾಕು ಎಂದವರೂ ತಾವೇ. ಈಗ ಇಪ್ಪತ್ತನೆಯವರು ಕೈಜಾರಿದರು, ಜೊತೆಗೆ ಹಾಲ್ ಕೂಡ.

ಆದರೆ ಮನಸ್ಸು ಮುಳುಗುವಾಗ ಹುಲ್ಲುಕಡ್ಡಿಯನ್ನೂ ಹಿಡಿಯುತ್ತದೆ. ಮನೆಯಲ್ಲಿ ಹೇಳಿಕೊಟ್ಟಿದ್ದಾರಲ್ಲ? ಆ ಮನುಷ್ಯ ಹನ್ನೆರಡು ವಾರ ಮನೆಯಲ್ಲೇ ಮಾಡಿದ್ದರೂ ಮಾಡಿದಂತೆಯೇ ಅಲ್ಲವೇ? ಅಳತೆಯಲ್ಲಿ ಬದಲಾವಣೆ ಕಂಡರೆ ಅಧಿಕಾರಿಯ ಮುಂದೆ ವಾದ ಮಾಡಬಹುದು. ಅವರು ಎದ್ದರು. "ನಡೀರಿ, ನಿಮ್ಮನೆಗೆ ಹೋಗೋಣ. ಮೇಷ್ಟ್ರೇ, ಅಳತೆ ಪಟ್ಟಿ ಕೊಡಿ." ಹೊರಡುವ ಮುನ್ನ ಏನೋ ನೆನಪಾಗಿ ಆಕೆಯ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದರು. "ನಿಮ್ಮದನ್ನ ಕೊನೇ ಸಲ ನೋಡಿಸಿದ್ದು ಯಾವಾಗ?"

"ಮಗಳು ಹುಟ್ಟಿದಾಗ ನೋಡಿದ್ರು."

"ಮಗಳಿಗೆ ಎಷ್ಟೀಗ?"

"ಇಪ್ಪತ್ತಾರು."

ಸಿಸ್ಟರ್ ಗಾಳಿ ಬಿಡುವುದನ್ನೇ ಮರೆತು ಒಂದು ಕ್ಷಣ ಅವರ ಮುಖ ನೋಡುತ್ತಾ ನಿಂತರು. ಎಂಟು ವರ್ಷ ಪ್ರತಿ ತಿಂಗಳು ಆಸ್ಪತ್ರೆಗೆ ಬಂದ ಹೆಂಗಸು, ಒಂದು ಸಲವೂ ತನಗಾಗಿ ಬಂದಿರಲಿಲ್ಲ.

ಮನೆ ಹತ್ತಿರವೇ ಇತ್ತು. ಕಡಿದಾದ ಮೂವತ್ತು ಮೆಟ್ಟಿಲು ಹತ್ತಬೇಕು. ಹದಿನೇಳು ನಿಲ್ಲದೆ ಹತ್ತಿದರು, ಸಿಸ್ಟರ್ ಎರಡು ಕಡೆ ನಿಂತರು. "ಮೊದಲು ನಾನೂ ಮೂರು ಕಡೆ ಕೂರ್ತಿದ್ದೆ" ಎಂದು ಹದಿನೇಳು ಅವರ ಕೈಚೀಲ ಇಸಿದುಕೊಂಡರು.

ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತಿದ್ದವು, ಒಂದರ ಮಾತು ಇನ್ನೊಂದಕ್ಕೆ ಒಪ್ಪಿಗೆಯಿಲ್ಲ. ಮಧ್ಯೆ ಮೇಜು, ಮೇಜಿನ ಹಿಂದೆ ದಪ್ಪ ಮರದ ಕುರ್ಚಿ, ಕುರ್ಚಿಯ ತುಂಬ ಗಡಿಯಾರದವರು, ಒಂದು ಕಣ್ಣಿಗೆ ಮಸೂರ. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಮತ್ತೆ ಕೂತರೆ ಮಲಗಲು ಏಳುವುದು. ರಿಪೇರಿಯಾದ ಗಡಿಯಾರಗಳನ್ನು ಮನೆಮನೆಗೆ ಮುಟ್ಟಿಸುವವರು ಹೆಂಡತಿ. ಆ ಅಂಗಡಿಗೆ ಕೈ ಅವರದು, ಕಾಲು ಇವರದು.

"ಸಿಸ್ಟರ್ ಬಂದಿದ್ದಾರೆ ಕಣ್ರೀ, ನಿಮ್ಮ ಅಳತೆ ತಗೊಳ್ಳೋಕೆ" ಎಂದು ಹೆಂಡತಿ ಉತ್ಸಾಹದಿಂದ ಹೇಳಿದರು. "ದಿನಾ ಸಂಜೆ ಮಾಡ್ತಾರೆ ಸಿಸ್ಟರ್. ನಾನು ಅಡುಗೆಮನೇಲಿರ್ತೀನಿ, ಇವರು ಇಲ್ಲಿಂದ ಗಟ್ಟಿಯಾಗಿ ಎಣಿಸ್ತಾರೆ, ನಂಗೆ ಕೇಳ್ಸುತ್ತೆ. ಮೊದಮೊದಲು ಎಂಟಕ್ಕೇ ಉಸ್ ಅಂತಿದ್ರು. ಈಗ ಇಪ್ಪತ್ತಕ್ಕೆ ಬಂದಿದ್ದಾರೆ. ಇರಿ, ನೀರು ತರ್ತೀನಿ."

ಇಪ್ಪತ್ತು! ಸಿಸ್ಟರ್ ಎದೆ ಹಗುರವಾಯಿತು. ಗೋಡೆಯ ಗಡಿಯಾರಗಳಲ್ಲಿ ನಂಬಿಕೆ ಬರುವಂಥದ್ದೊಂದನ್ನು ಆರಿಸಿ, "ಮೂವತ್ತು ಸೆಕೆಂಡು. ಕೈ ಎದೆ ಮೇಲಿಟ್ಕೊಂಡು ಎದ್ದು ಕೂತು ಮಾಡಿ, ನೋಡೋಣ" ಎಂದರು.

ಗಡಿಯಾರದವರು ಮಸೂರ ತೆಗೆದರು. ಬೆವರು ಒರೆಸಿಕೊಂಡರು. ಮೇಜು ಹಿಡಿದು ಎದ್ದರು; ಕುರ್ಚಿ ಇಡೀ ಮನೆಗೆ ಕೇಳುವಂತೆ ಕಿರುಗುಟ್ಟಿತು. ಕೂತರು. ಮತ್ತೆ ಎದ್ದರು, ಮತ್ತೆ ಕಿರ್. ನಾಲ್ಕಾಗುವಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿಯಿತು. ಮೊದಲ ಕಾರ್ಡಿನಲ್ಲಿ ಐದಿತ್ತು.

ಒಳಗಿನಿಂದ ಹೆಂಡತಿ ನೀರಿನ ಲೋಟ ಹಿಡಿದು ಬಂದು ಬಾಗಿಲಲ್ಲೇ ನಿಂತರು. ಅವರು ಗಂಡನನ್ನು ನೋಡುತ್ತಿರಲಿಲ್ಲ, ಕುರ್ಚಿಯನ್ನು ನೋಡುತ್ತಿದ್ದರು.

"ಈ ಸದ್ದು ನಂಗೊತ್ತು" ಎಂದರು. "ಊಟಕ್ಕೆ ಎದ್ದಾಗ ದಿನಾ ಕೇಳ್ಸುತ್ತೆ."

ಗಂಡ ಮಸೂರವನ್ನು ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

"ಎಣಿಸಿದ್ದು ದಿನಾ ಕೇಳ್ಸಿದೆ. ಕುರ್ಚಿ ಒಂದ್ಸಲಾನೂ ಕೇಳ್ಸಿಲ್ವಲ್ರೀ."

ಸಿಸ್ಟರ್‌ಗೆ ಅಲ್ಲಿಂದ ಹೊರಟುಬಿಡೋಣ ಎನ್ನಿಸಿತು. ಕೊನೆಗೆ ಗಡಿಯಾರದವರು ತಲೆ ಬಗ್ಗಿಸಿ, ತಮ್ಮ ಮೇಜಿಗೆ ಹೇಳುವಂತೆ ಹೇಳಿದರು. "ಎದ್ರೆ ಎದೆ ಡವಡವ ಅನ್ನುತ್ತೆ. ಎಲ್ಲಾದ್ರೂ ಬಿದ್ದುಬಿಟ್ರೆ? ಅಲ್ಲಿ ನಾಲ್ಕು ಜನದ ಮುಂದೆ ಬಿದ್ರೆ ಇನ್ನೂ ಕಷ್ಟ. ಇಲ್ಲ ಅಂದ್ರೆ ಇವಳು ಬೇಜಾರು ಮಾಡ್ಕೋತಾಳೆ. ಅದಕ್ಕೇ ಎಣಿಸ್ತಿದ್ದೆ."

"ಉಸ್ ಅಂತಿದ್ರಲ್ಲ?"

"ಅದನ್ನೂ ನಾನೇ ಸೇರಿಸ್ತಿದ್ದೆ."

ಸಿಸ್ಟರ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದ ಇನ್ನೊಬ್ಬ ಮನುಷ್ಯ ನೆನಪಾದರು. ಸಿಸ್ಟರ್ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು ಚೀಟಿಯ ಕೊನೆಯ ಸಾಲುಗಳನ್ನು ನಿಧಾನವಾಗಿ ಓದಿ, ಬಿಡಿಸಿ ಹೇಳಿದರು: ಡವಡವ ಅನ್ನೋದು ತಪ್ಪಲ್ಲ, ಎದೆ ಕೆಲಸ ಮಾಡೋ ಸದ್ದು ಅದು. ಆದರೆ ಎದೆ ನೋವು ಬಂದ್ರೆ, ತಲೆ ಸುತ್ತಿದ್ರೆ ನಿಲ್ಲಿಸಿ ಹೇಳಬೇಕು. ಅದಿಲ್ಲದೆ ಒಂದು ಪೂರ್ತಿ ಮಾತು ಆಡೋಕಾದ್ರೆ ನೀವು ಸರಿಯಾಗಿದ್ದೀರಿ. ಭಯಕ್ಕೂ ಒಂದು ಅಳತೆ ಇದೆ. ಗಡಿಯಾರದವರು ತಲೆಯಾಡಿಸಿದರು, ಒಪ್ಪಿದರೋ, ಸುಮ್ಮನೆ ಆಡಿಸಿದರೋ ತಿಳಿಯಲಿಲ್ಲ.

ಹೆಂಡತಿ ಲೋಟವನ್ನು ಮೇಜಿನ ಮೇಲಿಟ್ಟರು. ಕೂಗಾಡಲಿಲ್ಲ, ಅಳಲಿಲ್ಲ. "ಹನ್ನೆರಡು ವಾರ ನಿಮ್ಮ ಪಾಲಿನ ವ್ಯಾಯಾಮ ನಾನು ಮಾಡ್ದೆ" ಎಂದರು. "ನೀವು ಗಟ್ಟಿಯಾಗ್ಲಿ ಅಂತ ಮಾಡ್ದೆ, ಗಟ್ಟಿಯಾಗಿದ್ದು ನಾನು. ಇನ್ಮೇಲೆ ನನ್ನ ಪಾಲಿಂದು ನಾನು ಮಾಡ್ಕೋತೀನಿ. ನಿಮ್ಮದು ನಿಮ್ಮ ಹತ್ರಾನೇ ಇರ್ಲಿ." ಹದಿನೇಳನೆಯ ಚೀಟಿಯನ್ನು ಲೋಟದ ಕೆಳಗೆ ಸಿಕ್ಕಿಸಿ ಒಳಗೆ ಹೋದರು.

ಅಧಿಕಾರಿಯ ಮುಂದೆ ಹಾಜರಾಗಲು ಹತ್ತು ದಿನ ಇತ್ತು. ಪುಸ್ತಕದಲ್ಲಿ ಹದಿನೇಳರ ಮುಂದೆ ಇಪ್ಪತ್ನಾಲ್ಕೂ ಗುರುತು ಮುತ್ತಿನಂತೆ ಕೂತಿದ್ದವು. ಮೇಷ್ಟ್ರು ಮೆಲ್ಲಗೆ, "ಸಂಖ್ಯೆ ತಾನೇ ಇರೋದು ಸಿಸ್ಟರ್, ಹೆಸರಿಲ್ವಲ್ಲ, ಯಾರು ನೋಡ್ತಾರೆ?" ಎಂದರು. ಸಿಸ್ಟರ್‌ಗೂ ಆ ಯೋಚನೆ ಬಾರದೆ ಇರಲಿಲ್ಲ, ಎರಡು ದಿನ ಅದರ ಜೊತೆಯೇ ಓಡಾಡಿದರು. ಆದರೆ ಬರೀ ಎಣಿಕೆ ಕೇಳಿಸಿ ಕುರ್ಚಿ ಕೇಳಿಸದಿದ್ದ ಆ ಮನೆಯನ್ನು ನೋಡಿ ಬಂದ ಮೇಲೆ ಇಪ್ಪತ್ತು ಎಂದು ಬರೆಯಲು ಕೈ ಬರಲಿಲ್ಲ. ತಾನೂ ಕೂತಲ್ಲಿಂದಲೇ ಎಣಿಸಿದಂತಾಗುತ್ತದಲ್ಲ.

ಬದಲಿಗೆ, ಇಷ್ಟು ವರ್ಷ ಮಾಡದ ಕೆಲಸ ಮಾಡಿದರು. ಕಿಟಕಿ ಮುಚ್ಚಿದ ಮೇಲೆ, ಅರ್ಧಕ್ಕೆ ಬಿಟ್ಟ ಇಪ್ಪತ್ತು ಜನರ ಹೆಸರು ಹುಡುಕಿ ಅವರ ಮನೆಗಳಿಗೆ ಹೋದರು. ಮುಖ ನೋಡಿ ಕೂತು ಕೇಳಿದರು. ಒಬ್ಬೊಬ್ಬರದೂ ಒಂದೊಂದು ನೆಪ, ಆದರೆ ಎಲ್ಲ ನೆಪಗಳ ಅಡಿಯಲ್ಲೂ ಒಂದೇ ಮಾತು, "ಒಬ್ಬರೇ ಹೋಗೋಕೆ ಒಂಥರಾ ಸಿಸ್ಟರ್." ಆಗ ಅವರಿಗೆ ಹಾಲ್‌ನ ಹೊರಗಿನ ಉದ್ದನೆಯ ಬೆಂಚು ನೆನಪಾಯಿತು. ಕೊನೆಯವರೆಗೆ ಬಂದ ಹತ್ತೊಂಬತ್ತು ಜನರಲ್ಲಿ ಹದಿನಾಲ್ಕು ಜನರನ್ನು ಯಾರಾದರೂ ಕರೆತರುತ್ತಿದ್ದರು. ಹೆಂಡತಿ, ತಮ್ಮ, ಸೊಸೆ, ಪಕ್ಕದ ಮನೆಯಾಕೆ. ಕರೆತಂದವರು ವಾರಕ್ಕೆರಡು ಸಲ ಆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿರುತ್ತಿದ್ದರು. ಒಳಗೆ ಬನ್ನಿ ಎಂದು ಅವರನ್ನು ಯಾರೂ ಕರೆದಿರಲಿಲ್ಲ. ಕೂತು ಕೂತು ಕಾಯಿಲೆ ಬರುತ್ತದೆಂದು ಒಳಗೆ ಪಾಠ ಮಾಡುತ್ತಾ, ಹೊರಗೆ ಹದಿನಾಲ್ಕು ಜನರನ್ನು ಕೂರಿಸಿದ್ದರು!

ಅಧಿಕಾರಿ ವರದಿ ಓದಿದರು. "ಹತ್ತೊಂಬತ್ತು."

"ಹೌದು ಸಾರ್."

"ಪುಸ್ತಕದಲ್ಲಿ ಇಪ್ಪತ್ತಿದೆ."

"ಆ ಹದಿನೇಳು ಬಂದಿಲ್ಲ ಸಾರ್. ಅವರ ಬದಲು ಅವರ ಹೆಂಡತಿ ಬಂದ್ರು. ಹಾಗೆ ಬರೋ ಹಾಗೆ ಮಾಡಿದ್ದು ನಾನೇ, ಚೀಟೀಲಿ ಹೆಸರು ಬೇಡ ಅಂತ. ಇದು ಹೊಸ ಚೀಟಿ, ನೋಡಿ." ಅವರು ಮೇಜಿನ ಮೇಲಿಟ್ಟ ಕಾಗದದ ನಡುವೆ ಹರಿಯಲು ಚುಕ್ಕೆಗಳ ಗೆರೆಯಿತ್ತು. ಮೇಲಿನ ಅರ್ಧ ರೋಗಿಗೆ. ಕೆಳಗಿನ ಅರ್ಧದಲ್ಲಿ ಬರೆದಿತ್ತು: 'ಇವರ ಮಾತ್ರೆ ತರುವವರಿಗೆ.' ಎರಡರಲ್ಲೂ ಹೆಸರಿಗೆ ಜಾಗ, ಎರಡರಲ್ಲೂ ಅಳತೆಗೆ ಜಾಗ.

ಅಧಿಕಾರಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮಾತ್ರೆ ತರೋರಿಗೆ ಚಿಕಿತ್ಸೆ ಕೊಡಿ ಅಂತ ನಿಯಮ ಎಲ್ಲಿದೆ?"

"ಇಲ್ಲ ಸಾರ್. ಬರೀಬೇಕು."

ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ ಮೇಲೆ ಆ ಮನುಷ್ಯ, "ಇನ್ನೊಂದೇ ಹನ್ನೆರಡು ವಾರ. ಈ ಸಲ ಮೂವತ್ತು ಬೇಕು. ಹೀಗೆ ಹತ್ತೊಂಬತ್ತು ಅಂತ ಸತ್ಯ ಬರ್ಕೊಂಡು ಬಂದ್ರೆ ಕೇಳೋದಿಲ್ಲ" ಎಂದರು. ಅದು ಬೈಗುಳವೋ ಹೊಗಳಿಕೆಯೋ ಎಂದು ಕೇಳಲು ಸಿಸ್ಟರ್ ನಿಲ್ಲಲಿಲ್ಲ. ಮೆಟ್ಟಿಲಿಳಿಯುವಾಗ ಐವತ್ತೆಂಟು ವರ್ಷದ ಕಾಲುಗಳು ಎರಡೆರಡು ಮೆಟ್ಟಿಲು ಹಾರಿದವು.

ಎರಡನೆಯ ತಂಡದ ಮೊದಲ ಮಂಗಳವಾರ ಹೊರಗಿನ ಬೆಂಚು ಖಾಲಿ, ಒಳಗೆ ಕಾಲಿಡಲು ಜಾಗವಿಲ್ಲ. ಚಾಪೆ ಹಾಸುತ್ತಿದ್ದ ಹೆಂಗಸಿನ ಚೀಟಿ ಈಗ ನಲವತ್ತೊಂದನೆಯದು, ಅದರಲ್ಲಿ ಅವರದೇ ಹೆಸರು, ಅವರದೇ ತೂಕ. ಮೇಷ್ಟ್ರು ಎಲ್ಲರನ್ನೂ ಚಾಪೆಯ ಮೇಲೆ ಮಲಗಿಸಿ ಕಾಲೆತ್ತಿಸುತ್ತಿದ್ದರು. ಆಗ ಬಾಗಿಲಲ್ಲಿ ನೆರಳು ಬಿತ್ತು. ಗಡಿಯಾರದವರು ನಿಂತಿದ್ದರು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ನೀರಿನ ಲೋಟದ ಗುಂಡು ಕಲೆ ಬಿದ್ದ ಚೀಟಿ. ಗಂಟೆ ಐದೂಕಾಲು. ಅಷ್ಟು ಗಡಿಯಾರವಿದ್ದವರು ತಡವಾಗಿ ಬಂದಿದ್ದರು.

ಸಿಸ್ಟರ್ ಕೊನೆಯ ಸಾಲಿನ ಕುರ್ಚಿ ತೋರಿಸಿದರು. ಹೆಂಡತಿ ಮುಂದಿನ ಸಾಲಿನಲ್ಲಿ ಮಲಗಿ ಸೂರು ನೋಡುತ್ತಿದ್ದರು, ತಿರುಗಲಿಲ್ಲ.

"ಎಷ್ಟು ಸಲ?" ಗಡಿಯಾರದವರು ಪಿಸುಗುಟ್ಟಿದರು.

"ಎಂಟು. ಆದ್ರೆ ಮಾಡಿ, ಇಲ್ಲ ಅಂದ್ರೆ ಕೂತ್ಕೊಳ್ಳಿ."

ಅವರು ಈ ಸಲ ಎಣಿಸಲಿಲ್ಲ. ತುಟಿ ಬಿಗಿಹಿಡಿದು ಎದ್ದರು. ಹಳೆಯ ಸಭೆ ಕುರ್ಚಿ ಕಿರ್ ಎಂದಿತು. ಕೂತರು, ಎದ್ದರು. ಚಾಪೆಯ ಮೇಲೆ ಯಾರ ಸದ್ದೂ ಇಲ್ಲ, ಹಾಲ್‌ನಲ್ಲಿ ಆ ಒಂದು ಕುರ್ಚಿಯದೇ ಸದ್ದು. ಮತ್ತೆ ಕಿರ್. ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ. ಆಮೇಲೆ ನಿಂತುಹೋಯಿತು. ಸಿಸ್ಟರ್ ಓಡಿ ಹೋಗಿ ಅವರ ಮುಖ ನೋಡಿದರು. ಕೆಂಪಾಗಿತ್ತು, ಬೆವರಿತ್ತು. "ಎದೆ ನೋವಿದ್ಯಾ? ತಲೆ ಸುತ್ತುತ್ತಾ? ಏನಾದ್ರೂ ಮಾತಾಡಿ" ಎಂದರು.

ಗಡಿಯಾರದವರು ಇಲ್ಲವೆಂದು ತಲೆಯಾಡಿಸಿ ಉಸಿರೆಳೆದುಕೊಂಡರು. "ಇಷ್ಟು ದೊಡ್ಡ ಆಸ್ಪತ್ರೇಲಿ ಈ ದರಿದ್ರ ಕುರ್ಚಿಗೆ ಎಣ್ಣೆ ಹಾಕೋರು ಒಬ್ರೂ ಇಲ್ವಾ?"

ಪೂರ್ತಿ ವಾಕ್ಯ. ಸಿಸ್ಟರ್ ಕಣ್ಣೊರೆಸಿಕೊಂಡು ನಕ್ಕರು.

ಮುಂದಿನ ಸಾಲಿನಿಂದ, ಸೂರಿನ ಮೇಲಿನ ಕಣ್ಣು ತೆಗೆಯದೆ, ನಲವತ್ತೊಂದನೆಯವರು ಹೇಳಿದರು: "ಆರಾಯ್ತು. ಇನ್ನೆರಡು."

ಕುರ್ಚಿ ಕಿರ್ ಎಂದಿತು.